ಖೀವಾ: ಮರಳುಗಾಡಿನ ನಡುವೆ ಒಂದು ಮಣ್ಣಿನ ಊರು

ಮೊದಲ ದಿನ: ಬುಖಾರಾದಿಂದ ಖೀವಾಕ್ಕೆ

ಬುಖಾರಾ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹತ್ತಿ ಹೊಲ ಮುಗಿದು ಕಿಜಿಲ್‌ಕುಮ್ ಶುರುವಾಯಿತು. ಉಜ್ಬೇಕಿಸ್ತಾನದ ದೊಡ್ಡ ಭಾಗವನ್ನು ನುಂಗಿ ಕೂತಿರುವ ಮರಳುಗಾಡು ಇದು. ಚಿತ್ರಗಳಲ್ಲಿ ನೋಡುವಂಥ ಮರಳಿನ ದಿಬ್ಬಗಳನ್ನು ನಿರೀಕ್ಷಿಸಿದ್ದರೆ ನಿರಾಸೆಯೇ. ಕೆಂಪು ಬೆರೆತ ಬೂದು ನೆಲ, ಅಲ್ಲಲ್ಲಿ ಮೊಣಕಾಲೆತ್ತರದ ಪೊದೆ, ಮತ್ತೆ ಅದೇ ನೆಲ. ದಾರಿ ಸುಮಾರು 450 ಕಿ.ಮೀ. ರೈಲೂ ಇದೆ, ವಿಮಾನವೂ ಇದೆ. ಆದರೆ ಒಂಟೆ ಸಾಲು ಹೋಗುತ್ತಿದ್ದ ಊರಿಗೆ ನೆಲದ ಮೇಲೇ ಹೋಗಬೇಕು ಅಂತ ನನ್ನ ಹಟ. ಹೆಂಡತಿ, ಭಾಮೈದ ಇಬ್ಬರೂ ಗೊಣಗಿಕೊಂಡೇ ಟ್ಯಾಕ್ಸಿ ಹತ್ತಿದರು.

ಗಜ್ಲಿ ದಾಟಿದ ಮೇಲೆ ರಸ್ತೆ ಕೆಟ್ಟಿತು. ಗಜ್ಲಿ ಅಂದರೆ ನೆಲದಡಿಯ ಗ್ಯಾಸ್‌ನಿಂದ ಹುಟ್ಟಿದ ಊರು, 1976 ಮತ್ತು 1984ರ ಭೂಕಂಪಗಳಲ್ಲಿ ನೆಲಕಚ್ಚಿ ಮತ್ತೆ ಎದ್ದದ್ದು. ಅಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಶೌಚಾಲಯ, ನೀರಿನ ಬಾಟಲಿ ಎಲ್ಲ ಮುಗಿಸಿಕೊಳ್ಳುವುದು ಜಾಣತನ. ಮುಂದೆ ತುಂಬಾ ಹೊತ್ತು ಏನೂ ಸಿಗುವುದಿಲ್ಲ.

ಆ 'ಏನೂ ಸಿಗದ' ಜಾಗದಲ್ಲೇ ನಮ್ಮ ಹಿಂದಿನ ಟೈರು ಢಬ್ ಎಂದಿತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಅರ್ಧ. ಚಾಲಕ ತಲೆ ಕೆರೆದುಕೊಂಡು, ನಮಗೆ ಅರ್ಥವಾಗದ ಭಾಷೆಯಲ್ಲಿ ಟೈರಿಗೆ ಏನೋ ಬೈದ. ಅಕ್ಟೋಬರ್ ಆದ್ದರಿಂದ ಬಿಸಿಲಿನ ಭಯ ಇರಲಿಲ್ಲ. ಗಾಳಿ ಮಾತ್ರ ಸುಮ್ನೆ ಇರಲಿಲ್ಲ. ಕಿವಿ, ಹಲ್ಲು, ಕ್ಯಾಮೆರಾ ಬ್ಯಾಗು ಎಲ್ಲದರಲ್ಲೂ ಮರಳು. ಒಂದು ಲಾರಿ ನಿಂತಿತು. ಅದರ ಡ್ರೈವರ್ ಪಂಪ್ ಕೊಟ್ಟು, ನಾವು ಬೇಡ ಅಂದರೂ ಒಂದು ರೊಟ್ಟಿಯನ್ನು ಮುರಿದು ನಾಲ್ಕೂ ಜನಕ್ಕೆ ಹಂಚಿದ. ಭಾಮೈದ ತನ್ನ ತುಂಡನ್ನು ಬಾನೆಟ್ ಮೇಲೆ ಬೋರಲಾಗಿ ಇಟ್ಟ. ಲಾರಿಯವ ಏನೂ ಹೇಳದೆ ಅದನ್ನು ತಿರುಗಿಸಿ ಇಟ್ಟ. ರೊಟ್ಟಿಯ ಮುಖ ಕೆಳಗೆ ಮಾಡಬಾರದು ಎಂಬುದನ್ನು ಅಲ್ಲಿ ಕಲಿತೆವು. ಮುಂದಿನ ಎಲ್ಲ ಊಟಗಳಲ್ಲೂ ಆ ಪಾಠ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಕಳೆದ ಮೇಲೆ ಎಡಗಡೆ ಅಮು ದರ್ಯಾ ಕಾಣಿಸಿತು. ದೂರದ ಪಾಮೀರ್ ಬೆಟ್ಟಗಳಿಂದ ಇಳಿದು ಬರುವ ನದಿ. ಅಗಲವಾಗಿ, ಕಂದು ಬಣ್ಣದಲ್ಲಿ, ಅವಸರವಿಲ್ಲದೆ ಹರಿಯುತ್ತಿತ್ತು. ಆಚೆ ದಡ ತುರ್ಕ್‌ಮೇನಿಸ್ತಾನ. ಒಂದು ಕಾಲಕ್ಕೆ ಇದು ಅರಾಲ್ ಸಮುದ್ರ ಸೇರುತ್ತಿತ್ತು. ಸೋವಿಯತ್ ಕಾಲದಲ್ಲಿ ಹತ್ತಿಗೆ ಅಂತ ಕಾಲುವೆ ತೋಡಿ ತೋಡಿ, ಈಗ ಸಮುದ್ರದ ತನಕ ಬರುವ ನೀರು ಅಷ್ಟಕ್ಕಷ್ಟೇ. ಸಮುದ್ರವೇ ಬಹುಪಾಲು ಒಣಗಿದೆ.

ಮರಳುಗಾಡು ಮುಗಿಯುವುದೂ ಶುರುವಾದಷ್ಟೇ ತಟ್ಟನೆ. ಒಂದು ಕಾಲುವೆ ದಾಟಿದ್ದೇ ತಡ, ಹಿಪ್ಪುನೇರಳೆ ಸಾಲು, ಪಾಪ್ಲರ್ ಮರ, ಹತ್ತಿ, ಸೈಕಲ್ ಮೇಲೆ ಹುಡುಗರು. ಇದೇ ಖೊರೆಜ್ಮ್ ಓಯಸಿಸ್. ಖರ್ಜೂರದ ನಾಲ್ಕು ಮರ, ನಡುವೆ ಒಂದು ಕೊಳ ಎನ್ನುವ ಓಯಸಿಸ್ ಅಲ್ಲ ಇದು. ನದಿಯ ನೀರನ್ನು ಸಾವಿರಾರು ವರ್ಷಗಳಿಂದ ಕೈಯಲ್ಲಿ ತೋಡಿದ ಕಾಲುವೆಗಳಲ್ಲಿ ತಿರುಗಿಸಿ ಮಾಡಿಕೊಂಡ ನಾಡು.

ಸೋನಾ ಮಸೂರಿ ಸೀಮೆಯವನಾದ ನನಗೆ ಕಾಲುವೆ ನೀರಿನ ನಾಡು ಹೊಸದೇನಲ್ಲ. ನಮ್ಮ ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಏನೇನಾಯಿತು ಅಂತ ಗೊತ್ತು. ಹಾಗಾಗಿ ಹೊಲದ ಬದುವಿನ ಮೇಲೆ ಬಿಳಿ ಪುಡಿ ಕಂಡಾಗ ಕಾರು ನಿಲ್ಲಿಸಿ ಅಂದೆ. ಇಳಿದು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿದೆ. ಚೌಳು! ನೀರು ಜಾಸ್ತಿಯಾಗಿ ಅಂತರ್ಜಲ ಮೇಲೆ ಬಂದರೆ, ಬಿಸಿಲಿಗೆ ನೀರು ಆರಿ ಉಪ್ಪು ನೆಲದ ಮೇಲೆ ಉಳಿಯುತ್ತದೆ. ಚಾಲಕನಿಗೂ ಸ್ವಂತ ಹೊಲ ಇದೆಯಂತೆ. ಫೋನಿನ ಅನುವಾದದಲ್ಲೇ ಮಾತಾಡಿದೆವು. ಚಳಿ ಕಳೆಯುವ ಹೊತ್ತಿಗೆ ಹೊಲಕ್ಕೆಲ್ಲ ನೀರು ನಿಲ್ಲಿಸಿ ಉಪ್ಪು ತೊಳೆಯುತ್ತೇವೆ, ಆಮೇಲೆ ಬಿತ್ತನೆ ಅಂದ. "ತೊಳೆದ ಉಪ್ಪು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ. ಭುಜ ಹಾರಿಸಿ ನಕ್ಕ. ನಮ್ಮೂರಲ್ಲಿ ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು ಬಿಡಿ.

ಖೀವಾ ತಲುಪಿದಾಗ ಕತ್ತಲಾಗಿತ್ತು. ಕೋಟೆಯೊಳಗೇ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಹೋಗುವವರು ದಯವಿಟ್ಟು ಒಳಗೇ ಉಳಿಯಿರಿ. ಹೊರಗೆ ಅಗ್ಗ, ನಿಜ. ಆದರೆ ಸಂಜೆ ಪ್ರವಾಸಿ ಬಸ್ಸುಗಳು ಹೊರಟ ಮೇಲಿನ ಊರು ನಿಮ್ಮ ಪಾಲಿಗೆ ಸಿಗುವುದಿಲ್ಲ.

ಎರಡನೇ ದಿನ: ಇಚಾನ್ ಕಲಾ

ಒಳಗಿನ ಕೋಟೆಯ ಹೆಸರು ಇಚಾನ್ ಕಲಾ. ಉಜ್ಬೇಕಿಸ್ತಾನದಲ್ಲಿ ಯುನೆಸ್ಕೋ ಪಟ್ಟಿಗೆ ಮೊದಲು ಸೇರಿದ ಜಾಗ, 1990ರಲ್ಲಿ. ಸುತ್ತಲೂ ಹತ್ತು ಮೀಟರ್ ಎತ್ತರದ ಇಟ್ಟಿಗೆ ಗೋಡೆ. ಇಟ್ಟಿಗೆ ಅಂದರೆ ಸುಟ್ಟದ್ದಲ್ಲ, ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಮೇಲೆ ಹುಲ್ಲು ಕಲೆಸಿದ ಮಣ್ಣಿನ ಗಿಲಾವು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಹತ್ತಿರ ಹೋಗಿ ನೋಡಿದರೆ ಗೋಡೆಯ ತುಂಬಾ ಹುಲ್ಲಿನ ಎಳೆಗಳು ಮಿನುಗುತ್ತವೆ.

ಎಲ್ಲರೂ ನೀಲಿ ಹೆಂಚು, ನೀಲಿ ಗುಮ್ಮಟ ಅಂತ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ಊರಿನ ನಿಜವಾದ ಬಣ್ಣ ಮಣ್ಣಿನದು. ನೀಲಿ ಮೇಲುಡುಪು ಅಷ್ಟೇ. ಗೋಡೆಗಳ ಬುಡದಲ್ಲಿ ಮೊಣಕಾಲೆತ್ತರದವರೆಗೆ ಬಿಳಿ ಪಟ್ಟಿ ಕಾಣುತ್ತಿತ್ತು. ಅದೇ ನಿನ್ನೆಯ ಉಪ್ಪು, ಹೊಲದಿಂದ ಊರೊಳಗೂ ಬಂದಿದೆ. ನೆಲದಡಿಯ ನೀರಿನ ಜೊತೆ ಇಟ್ಟಿಗೆಗೆ ಏರಿ, ಒಣಗಿ, ಹರಳಾಗಿ, ಇಟ್ಟಿಗೆಯನ್ನು ಪುಡಿಪುಡಿ ಉದುರಿಸುತ್ತದೆ. ಕೈ ಆಡಿಸಿದರೆ ಹಿಟ್ಟಿನ ಹಾಗೆ ಬರುತ್ತದೆ.

ಟಿಕೆಟ್ ಪಶ್ಚಿಮದ ಬಾಗಿಲಲ್ಲಿ, ಓಟಾ ದರ್ವಾಜಾದಲ್ಲಿ ಕೊಡುತ್ತಾರೆ. ಬೀದಿಯಲ್ಲಿ ಅಡ್ಡಾಡಲು ಟಿಕೆಟ್ ಯಾರೂ ಕೇಳಲಿಲ್ಲ, ಅರಮನೆ, ಮ್ಯೂಸಿಯಂ ಒಳಗೆ ಹೋಗಲು ಬೇಕು. ಮಿನಾರ್ ಹತ್ತಲು, ಬುರುಜು ಹತ್ತಲು ಬೇರೆ ದುಡ್ಡು. ಚಿಲ್ಲರೆ ಸೋಮ್ ಇಟ್ಟುಕೊಳ್ಳಿ. ನಮ್ಮ ಒಂದು ರೂಪಾಯಿಗೆ ಅಲ್ಲಿ ನೂರಕ್ಕೂ ಜಾಸ್ತಿ ಸೋಮ್ ಆಗುವುದರಿಂದ, ಒಂದು ಚಹಾ ಕುಡಿದರೂ ಸಾವಿರದ ಲೆಕ್ಕ. ಭಾಮೈದ ಲಕ್ಷಗಟ್ಟಲೆ ಜೇಬಲ್ಲಿಟ್ಟುಕೊಂಡು ಜಮೀನ್ದಾರನ ಹಾಗೆ ಓಡಾಡಿದ.

ಬಾಗಿಲ ಹೊರಗೆ ಅಲ್-ಖ್ವಾರಿಜ್ಮಿಯ ಪ್ರತಿಮೆ ಇದೆ. ಈ ಸೀಮೆಯ ಹೆಸರನ್ನೇ ಹೊತ್ತ ಗಣಿತಜ್ಞ. ನಮ್ಮ ದೇಶದ ಅಂಕಿಗಳ ಬಗ್ಗೆ ಒಂಬತ್ತನೇ ಶತಮಾನದಲ್ಲಿ ಆತ ಬರೆದದ್ದು ಮುಂದೆ ಲ್ಯಾಟಿನ್‌ಗೆ ಹೋಗಿ ಯುರೋಪಿಗೆಲ್ಲ ಲೆಕ್ಕ ಕಲಿಸಿತು. ಪ್ರತಿಮೆಯ ಮಡಿಲಲ್ಲಿ ಮಕ್ಕಳು ಹತ್ತಿ ಕೂರುತ್ತಿದ್ದರು.

ಒಳಗೆ ಹೊಕ್ಕ ಕೂಡಲೇ ಕಾಲ್ತಾ ಮೀನಾರ್. ದಪ್ಪಗೆ, ಗಿಡ್ಡಗೆ, ಪೂರ್ತಿ ಹಸಿರು-ನೀಲಿ ಹೆಂಚು. ಖಾನ್, ಅಂದರೆ ಇಲ್ಲಿನ ಅರಸ, ಮುಹಮ್ಮದ್ ಅಮೀನ್ ಎಲ್ಲರಿಗಿಂತ ಎತ್ತರದ ಮಿನಾರ್ ಕಟ್ಟಿಸಲು ಹೊರಟ. 1855ರಲ್ಲಿ ಯುದ್ಧದಲ್ಲಿ ಸತ್ತ, ಕೆಲಸ ಅಲ್ಲಿಗೇ ನಿಂತಿತು. ಮುಗಿದಿದ್ದರೆ ಇಷ್ಟು ಚೆಂದ ಕಾಣುತ್ತಿತ್ತೋ ಇಲ್ಲವೋ! ಆಮೇಲೆ 1910ರಲ್ಲಿ ಮುಗಿದ ಇಸ್ಲಾಂ ಖೋಜಾ ಮಿನಾರ್ ಸುಮಾರು 57 ಮೀಟರ್ ಎತ್ತರ ಇದೆ. ಇಸ್ಲಾಂ ಖೋಜಾ ಇಲ್ಲಿನ ವಜೀರ. ಆಸ್ಪತ್ರೆ, ಹೊಸ ಬಗೆಯ ಶಾಲೆ, ಅಂಚೆ-ತಂತಿ ಕಚೇರಿ ತಂದವನು. 1913ರಲ್ಲಿ ಅವನನ್ನು ಕೊಂದು ಹಾಕಿದರು.

ಆ ಮಿನಾರ್ ಹತ್ತುವುದು ಹುಡುಗಾಟ ಅಲ್ಲ. 118 ಮೆಟ್ಟಿಲು ಅಷ್ಟೇ ತಾನೇ ಅಂದುಕೊಳ್ಳಬೇಡಿ. ಒಂದೊಂದು ಮೆಟ್ಟಿಲೂ ಮೊಣಕಾಲಿನವರೆಗೆ ಬರುತ್ತದೆ, ಒಳಗೆ ಕತ್ತಲೆ, ಇಳಿಯುವವರು ಎದುರು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಎದುರಿಗೆ ಬಂದ ಕೊರಿಯಾದ ಅಜ್ಜಿ ನನ್ನ ಹೆಗಲು ಹಿಡಿದು ದಾಟಿಕೊಂಡು, ಏದುಸಿರಲ್ಲೇ ಹೆಬ್ಬೆರಳು ತೋರಿಸಿದರು. ಮೇಲಿನಿಂದ ನೋಡಿದರೆ ಮಣ್ಣಿನ ಮಾಳಿಗೆಗಳು, ಒಣಹಾಕಿದ ಬಟ್ಟೆ, ನಡುವೆ ಗುಮ್ಮಟಗಳು. ಊರಾಚೆ ಹಸಿರು. ಅಂದಾಜು ಮಾಡಿದರೆ ಅದರಾಚೆ ಮರಳು.

ನನಗೆ ತುಂಬಾ ಹಿಡಿಸಿದ್ದು ಜುಮಾ ಮಸೀದಿ. ಗುಮ್ಮಟ ಇಲ್ಲ, ದೊಡ್ಡ ಕಮಾನು ಇಲ್ಲ. ತಗ್ಗು ಚಾವಣಿಯ ಕೆಳಗೆ ಇನ್ನೂರಕ್ಕೂ ಜಾಸ್ತಿ ಮರದ ಕಂಬಗಳು. ಈಗಿನ ಕಟ್ಟಡ 18ನೇ ಶತಮಾನದ ಕೊನೆಯದು, ಆದರೆ ಕೆಲವು ಕಂಬಗಳು ಹತ್ತು-ಹನ್ನೊಂದನೇ ಶತಮಾನದವು. ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದವು. ಹಾಗಾಗಿ ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಕಂಬದ ಬುಡ ಸಣ್ಣಗಾಗಿ, ಕಲ್ಲಿನ ಪೀಠದ ಮೇಲೆ ಮೊನೆಯೂರಿ ನಿಂತಿರುತ್ತದೆ. ಮರಕ್ಕೂ ಕಲ್ಲಿಗೂ ನಡುವೆ ಉಣ್ಣೆಯ ಪದರ ಇಡುತ್ತಿದ್ದರಂತೆ, ತೇವ ಮತ್ತು ಉಪ್ಪು ಮರಕ್ಕೆ ಏರಬಾರದು ಅಂತ. ನೋಡಿ, ಇಲ್ಲೂ ಅದೇ ಉಪ್ಪಿನ ಚಿಂತೆ. ಚಾವಣಿಯ ಕಿಂಡಿಯಿಂದ ಬೆಳಕು ಬಿದ್ದಿದ್ದ ಜಾಗ ಬಿಟ್ಟರೆ ಉಳಿದದ್ದೆಲ್ಲ ತಂಪು, ಮಬ್ಬು. ಹೆಂಡತಿ ಒಂದು ಕಂಬದ ಬಳ್ಳಿಯ ಕೆತ್ತನೆಯನ್ನು ಬೆರಳಲ್ಲಿ ಹಿಡಿದುಕೊಂಡು ಹೋಗಿ ಸುತ್ತು ಹಾಕಿ, "ಇದಕ್ಕೆ ಕೊನೆಯೇ ಇಲ್ಲ" ಅಂದಳು.

ತೋಶ್ ಹೋವ್ಲಿ ಅರಮನೆಯನ್ನು ಅಲ್ಲಾಕುಲಿ ಖಾನ್ 1830ರ ದಶಕದಲ್ಲಿ ಕಟ್ಟಿಸಿದ. ಎರಡು ವರ್ಷದಲ್ಲಿ ಮುಗಿಸಲು ಆಗದು ಎಂದ ಮೇಸ್ತ್ರಿಯನ್ನು ಖಾನ್ ಕೊಲ್ಲಿಸಿದ ಅಂತ ಗೈಡುಗಳು ಕಥೆ ಹೇಳುತ್ತಾರೆ. ಕೆಲಸ ಮುಗಿಯಲು ಎಂಟು ವರ್ಷವೇ ಬೇಕಾಯಿತು! ಹೆಂಚಿನ ಕುಸುರಿ ಎಷ್ಟು ಹೊಗಳಿದರೂ ಸಾಲದು, ಆದರೆ ನನ್ನ ಕಣ್ಣು ನಿಂತಿದ್ದು ಅಂಗಳದ ನೆಲದ ಮೇಲೆ. ಅಲ್ಲಿ ಇಟ್ಟಿಗೆಯ ಒಂದು ದುಂಡನೆಯ ಕಟ್ಟೆ ಇದೆ. ಉಣ್ಣೆಯ ಗುಡಾರ, ಅಂದರೆ ಯುರ್ಟ್ ಹಾಕಲು. ಅಷ್ಟು ದೊಡ್ಡ ಅರಮನೆ ಕಟ್ಟಿಸಿಕೊಂಡೂ ಚಳಿಗಾಲಕ್ಕೆ ಗುಡಾರವೇ ಸುಖ ಅನ್ನಿಸುತ್ತಿತ್ತು.

ಪೂರ್ವದ ಬಾಗಿಲು, ಪಹ್ಲವಾನ್ ದರ್ವಾಜಾ ಹತ್ತಿರ ಬಂದಾಗ ಮಾತ್ರ ಮನಸ್ಸು ಮುದುಡಿತು. ಉದ್ದನೆಯ ಸುರಂಗದಂಥ ಬಾಗಿಲು, ಎರಡೂ ಕಡೆ ಗೂಡುಗಳು. ಇಲ್ಲೇ ಗುಲಾಮರ ಸಂತೆ. ಪರ್ಷಿಯನ್ನರು, ರಷ್ಯನ್ನರು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ತಂದು ಮಾರುತ್ತಿದ್ದರು. ರಷ್ಯಾದ ಸೇನೆ 1873ರಲ್ಲಿ ಖೀವಾ ಗೆದ್ದ ಮೇಲೆ ಕಾಯ್ದೆಯಲ್ಲಿ ಅದು ನಿಂತಿತು. ರೇಷ್ಮೆ ದಾರಿ ಅಂದ ಕೂಡಲೇ ನಮಗೆ ರೇಷ್ಮೆ, ಮಸಾಲೆ ಅಷ್ಟೇ ನೆನಪಾಗುತ್ತದೆ. ಈಗ ಆ ಗೂಡುಗಳ ಮುಂದೆ ಸ್ಕಾರ್ಫು, ಫ್ರಿಜ್ ಮ್ಯಾಗ್ನೆಟ್ ಮಾರುತ್ತಾರೆ.

ಊಟದ ವಿಷಯ. ನಾವು ಮೂವರಲ್ಲಿ ಇಬ್ಬರು ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಮಧ್ಯ ಏಷ್ಯಾದಲ್ಲಿ ಇದು ಕಷ್ಟದ ಬದುಕು ಅಂತ ಎಲ್ಲರೂ ಹೆದರಿಸಿದ್ದರು. ಖೀವಾ ಕೈಬಿಡಲಿಲ್ಲ. 'ಗೋಶ್ತ್‌ಸಿಜ್' ಎಂಬ ಒಂದು ಮಾತು ಕಲಿತರೆ ಸಾಕು, ಮಾಂಸ ಬಿಟ್ಟು ಕೊಡುತ್ತಾರೆ. ಇಲ್ಲಿನ ಶಿವಿತ್ ಓಶಿ ಅಂದರೆ ಸಬ್ಬಸಿಗೆ ಸೊಪ್ಪಿನ ರಸದಲ್ಲಿ ಕಲೆಸಿದ ಹಸಿರು ಶಾವಿಗೆ, ಮೇಲೆ ಆಲೂಗಡ್ಡೆ-ಕ್ಯಾರೆಟ್ ಪಲ್ಯ, ಪಕ್ಕದಲ್ಲಿ ಗಟ್ಟಿ ಮೊಸರು. ಸಬ್ಬಸಿಗೆ ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಮನೆಗೆ ಬಂದಂತಾಗುತ್ತದೆ.

ರಾತ್ರಿ ಮನೆಯವರು ತುಹುಮ್ ಬರಾಕ್ ಮಾಡಿದರು. ಹೆಂಡತಿ ಅಡುಗೆಮನೆಗೇ ಹೋಗಿ ನಿಂತಳು, ನಾನು ಬಾಗಿಲಲ್ಲಿ. ತೆಳ್ಳಗೆ ಲಟ್ಟಿಸಿದ ಹಿಟ್ಟನ್ನು ಮಡಿಸಿ, ಒಂದು ಬದಿ ಬಿಟ್ಟು ಉಳಿದದ್ದನ್ನು ಒತ್ತಿ ಚೀಲ ಮಾಡುತ್ತಾರೆ. ಅದರೊಳಗೆ ಹಸಿ ಮೊಟ್ಟೆಯ ಕಲಕು ಸುರಿದು, ಬಾಯಿ ಚಿವುಟಿ, ಅದೇ ಉಸಿರಲ್ಲಿ ಕುದಿಯುವ ನೀರಿಗೆ ಬಿಡಬೇಕು. ಒಂದು ಕ್ಷಣ ತಡವಾದರೂ ಹಿಟ್ಟು ನೆನೆದು ಒಡೆಯುತ್ತದೆ. ಆ ತಾಯಿ ಸುರಿಯುವುದು, ಚಿವುಟುವುದು, ಬಿಡುವುದು ಮೂರನ್ನೂ ನೋಡದೆಯೇ ಮಾಡುತ್ತಾ ಮಗಳಿಗೆ ಏನೋ ಗದರುತ್ತಿದ್ದರು. ಹೆಂಡತಿ ಮಾಡಿದ ಮೊದಲನೆಯದು ಪಾತ್ರೆಯಲ್ಲೇ ಬಿಚ್ಚಿಕೊಂಡಿತು. ಎಲ್ಲರೂ ನಕ್ಕರು. ಬೆಂದ ಮೇಲೆ ಎಳ್ಳೆಣ್ಣೆ ಸವರಿ ಮೊಸರಿನ ಜೊತೆ ಕೊಟ್ಟರು.

ಚಹಾ ಹಾಕಿಕೊಡುವಾಗ ಮನೆಯ ಯಜಮಾನ ಬಟ್ಟಲಿಗೆ ಸುರಿದು ಮತ್ತೆ ಕೆಟ್ಟಲಿಗೇ ವಾಪಸ್ ಹಾಕಿದ, ಮೂರು ಸಲ. ಆಮೇಲೆ ಬಟ್ಟಲಿನ ತಳದಲ್ಲಿ ಒಂದಿಷ್ಟೇ ಹಸಿರು ಚಹಾ. ಭಾಮೈದ ಕನ್ನಡದಲ್ಲಿ, "ಜಿಪುಣ" ಅಂದ. ವಿಷಯ ಉಲ್ಟಾ. ಕಡಿಮೆ ಹಾಕಿದರೆ ಮತ್ತೆ ಮತ್ತೆ ಬಡಿಸುತ್ತೇನೆ, ಕೂತಿರು ಅಂತ ಮರ್ಯಾದೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಅಂತ.

ಮೂರನೇ ದಿನ: ನದಿಯಾಚೆಯ ಕೋಟೆಗಳು

ಬೆಳಿಗ್ಗೆ ಕಾರು ಮಾಡಿಕೊಂಡು ಉರ್ಗೆಂಚ್ ಮೇಲೆ ಹಾದು ಅಮು ದರ್ಯಾ ಸೇತುವೆ ದಾಟಿ ಕರಕಲ್ಪಾಕಿಸ್ತಾನಕ್ಕೆ ಹೋದೆವು. ಇದು ಉಜ್ಬೇಕಿಸ್ತಾನದೊಳಗಿನ ಸ್ವಾಯತ್ತ ಗಣರಾಜ್ಯ. ದಾರಿಯಲ್ಲಿ ಬೆರುನಿಯ್ ಎಂಬ ಊರು. ಹಳೆಯ ಖೊರೆಜ್ಮ್‌ನ ರಾಜಧಾನಿ ಕಾಥ್ ಇದ್ದದ್ದು ಇಲ್ಲೇ. 973ರಲ್ಲಿ ಅಲ್-ಬಿರೂನಿ ಹುಟ್ಟಿದ್ದೂ ಇದರ ಹೊರವಲಯದಲ್ಲೇ. ಘಜ್ನಿಯ ಮಹಮೂದ್ ಖೊರೆಜ್ಮ್ ಗೆದ್ದಾಗ ಇವನನ್ನೂ ಜೊತೆಗೆ ಕರೆದೊಯ್ದ. ಅಲ್ಲಿಂದ ಭಾರತಕ್ಕೆ ಬಂದು, ಸಂಸ್ಕೃತ ಕಲಿತು, 1030ರ ಹೊತ್ತಿಗೆ ಭಾರತದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ನಮ್ಮ ಲಿಪಿಗಳ ಪಟ್ಟಿ ಕೊಡುವಾಗ ಕರ್ಣಾಟ ದೇಶದ ಕರ್ಣಾಟ ಲಿಪಿ ಅಂತ ಹೇಳಿ, ಸೈನ್ಯಗಳಲ್ಲಿ 'ಕನ್ನರ' ಎಂದು ಕರೆಯುವ ಯೋಧರು ಅಲ್ಲಿಂದ ಬಂದವರು ಎಂದೂ ಸೇರಿಸುತ್ತಾನೆ. ಆತ ಕರ್ನಾಟಕ ನೋಡಿದವನಲ್ಲ. ಉತ್ತರದಲ್ಲಿ ಕೂತು ಕೇಳಿ ಬರೆದದ್ದು. ಈ ಊರಿನ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಕುಂಬಳಕಾಯಿ ಸಮ್ಸಾ ತಿನ್ನುತ್ತಾ ಇದನ್ನೆಲ್ಲ ಇವರಿಬ್ಬರಿಗೆ ಹೇಳಿದೆ. ಭಾಮೈದ "ಹೌದಾ!" ಅಂದು ಇನ್ನೊಂದು ಸಮ್ಸಾ ತಗೊಂಡ. ತಂದೂರಿನಿಂದ ತೆಗೆದ ಕೂಡಲೇ ಕಚ್ಚಬೇಡಿ, ನಾಲಿಗೆ ಸುಡುತ್ತದೆ.

ತೊಪ್ರಕ್ ಕಲಾ ಮೊದಲು. ಎರಡು-ಮೂರನೇ ಶತಮಾನದ ಹೊತ್ತಿಗೆ ಖೊರೆಜ್ಮ್ ಅರಸರು ಇಲ್ಲಿದ್ದರು. ಸೋವಿಯತ್ ಪುರಾತತ್ವಜ್ಞ ಸೆರ್ಗೆಯ್ ತಾಲ್ಸ್ತೋವ್ ತಂಡ ಅಗೆದಾಗ ಚರ್ಮದ ಮೇಲೆ, ಮರದ ಮೇಲೆ ಬರೆದ ಹಳೆಯ ಖೊರೆಜ್ಮ್ ಭಾಷೆಯ ದಾಖಲೆಗಳು ಸಿಕ್ಕವು. ಈಗ ಕರಗಿದ ಮಣ್ಣಿನ ಕೋಣೆಗಳು ಮಾತ್ರ. ಕಾವಲಿಗೂ ಯಾರಿಲ್ಲ, ನೆರಳೂ ಇಲ್ಲ.

ಅಲ್ಲಿಂದ ಅಯಾಜ್ ಕಲಾ. ಒಂಟಿ ಗುಡ್ಡದ ತಲೆಯ ಮೇಲೆ ಕ್ರಿಸ್ತಪೂರ್ವ ನಾಲ್ಕು-ಮೂರನೇ ಶತಮಾನದ ಕೋಟೆ. ನಡೆದು ಹತ್ತಬೇಕು. ಮರಳಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಸ್ಯಾಂಡಲ್ ಬೇಡ, ಶೂ ಹಾಕಿ. ಗೋಡೆ ಎರಡು ಪದರದ್ದು, ನಡುವೆ ಕಮಾನಿನ ಓಣಿ, ಬಿಲ್ಲುಗಾರರಿಗೆ ಸಂದುಗಳು. ಆ ಸಂದಿನಿಂದ ಇಣುಕಿದರೆ ಕೆಳಗೆ ಇನ್ನೊಂದು ಸಣ್ಣ ಕೋಟೆ, ಅದರಾಚೆ ಉಪ್ಪಿನ ಕೆರೆ, ಆಮೇಲೆ ಕಣ್ಣು ಸೋಲುವವರೆಗೂ ಬಯಲು. ಮೇಲೆ ನಿಂತಾಗ ಗಾಳಿ ಎಷ್ಟಿತ್ತೆಂದರೆ ಹೆಂಡತಿಯ ಟೋಪಿ ಹಾರಿ ಗೋಡೆಯಾಚೆ ಹೋಯಿತು. ಅದನ್ನು ತರಲು ಹೋಗುವ ಹಾಗಿರಲಿಲ್ಲ, ನೆಟ್ಟಗೆ ಇಳಿಜಾರು.

ಈ ಕೋಟೆಗಳು ಹಾಳಾದ್ದಕ್ಕೆ ದಾಳಿ ಒಂದೇ ಕಾರಣವಲ್ಲ. ನೀರು ದೂರವಾದರೆ ಊರು ಬಿಡಲೇಬೇಕು. ಖೀವಾ ರಾಜಧಾನಿಯಾದದ್ದೂ ಅದೇ ದೆಸೆಯಿಂದ. ಖೀವಾಕ್ಕೆ ಮುಂಚಿನ ರಾಜಧಾನಿ ಕುನ್ಯಾ ಉರ್ಗೆಂಚ್‌ನಿಂದ ನದಿ ತನ್ನ ಪಾತ್ರ ಬದಲಿಸಿತು, ಖಾನರು ಗಂಟುಮೂಟೆ ಕಟ್ಟಿ ಖೀವಾಕ್ಕೆ ಬಂದರು. ಆಮೇಲೆ ಇರಾನ್ ಕಡೆ ಹೋಗುವ ವ್ಯಾಪಾರಿಗಳಿಗೆ ಮರಳುಗಾಡಿಗೆ ಇಳಿಯುವ ಮುಂಚಿನ ಕೊನೆಯ ತಂಗುದಾಣ ಖೀವಾ.

ಕೆಳಗೆ ಯುರ್ಟ್ ಬಿಡಾರದಲ್ಲಿ ಊಟ. ಒಲೆ ಹಾಕುತ್ತಿದ್ದ ಮುದುಕ ಸಕ್ಸಾವುಲ್ ಕಟ್ಟಿಗೆ ಎತ್ತಿ ನನ್ನ ಕೈಗೆ ಕೊಟ್ಟ. ನೋಡಲು ಕಡ್ಡಿ, ತೂಕ ಕಬ್ಬಿಣದ್ದು. ಮರಳನ್ನು ಹಿಡಿದಿಡುವುದು ಇದೇ ಗಿಡ. ಮೊದಲೆಲ್ಲ ಇದನ್ನೇ ಕಡಿದು ಕಡಿದು ಸುಡುತ್ತಿದ್ದೆವು, ಈಗ ಒಣಗಿದ್ದು ಮಾತ್ರ ಅಂದ. ಅವನ ಒಲೆಯ ಪಕ್ಕ ಇದ್ದ ರಾಶಿಯಲ್ಲಿ ಒಂದೆರಡು ಹಸಿಯವೂ ಕಂಡವು, ನಾನು ಏನೂ ಅನ್ನಲಿಲ್ಲ.

ನಾಲ್ಕನೇ ದಿನ: ಪೈಲ್ವಾನನ ಗೋರಿ, ಕಲ್ಲಂಗಡಿಯಲ್ಲ ಕರಬೂಜ

ಖೀವಾದ ಕಾವಲು ಪುರುಷ ಪಹ್ಲವಾನ್ ಮಹ್ಮೂದ್ (1247–1326). ಕುಸ್ತಿಪಟು, ಕವಿ, ತುಪ್ಪಳದ ಉಡುಪು ಹೊಲಿಯುವವನು, ಮೂರೂ ಒಬ್ಬನೇ. ಭಾರತಕ್ಕೆ ಹೋಗಿ ಅಲ್ಲಿನ ರಾಜನನ್ನು ಮೆಚ್ಚಿಸಿದ, ಏನು ಬೇಕು ಅಂದಾಗ ಸೆರೆಯಲ್ಲಿದ್ದ ಖೊರೆಜ್ಮ್ ಜನರನ್ನು ಬಿಡಿಸಿಕೊಂಡು ಬಂದ ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾಗಾಗಿ 'ಹಿಂದಿಸ್ತಾನ್' ಅಂದ ಕೂಡಲೇ ಮೊದಲು ರಾಜ್ ಕಪೂರ್ ಹೆಸರು, ಆಮೇಲೆ ಈ ಪೈಲ್ವಾನನ ಕಥೆ. ಗೋರಿಯ ಗುಮ್ಮಟ ಊರಿನಲ್ಲೇ ದೊಡ್ಡದು. ಒಳಗೆ ಗೋಡೆ ತುಂಬಾ ನೀಲಿ ಬಳ್ಳಿ, ನಡುನಡುವೆ ಅವನ ಪದ್ಯ. ಅಂಗಳದ ಬಾವಿಯ ನೀರು ಕುಡಿಯಲು ಹೊಸ ಮದುಮಕ್ಕಳು ಬರುತ್ತಾರೆ. ನಾವಿದ್ದಾಗಲೇ ಒಂದು ಜೋಡಿ ಬಂತು. ಮದುಮಗಳ ಬಿಳಿ ಗೌನಿನ ತುದಿ ಹಿಡಿಯುವ ಹುಡುಗಿ ಫೋನ್ ನೋಡುತ್ತಾ ಅದನ್ನು ಬಿಟ್ಟುಬಿಟ್ಟು, ಗೌನು ಬಾವಿಯ ಕಟ್ಟೆಯ ತೇವದಲ್ಲಿ ತೋಯ್ದು, ದೊಡ್ಡ ಗಲಾಟೆ. ಆ ಗಲಾಟೆಯಲ್ಲೂ ಮದುಮಗನ ಅಮ್ಮ ನಮ್ಮ ಕೈಗೆ ಸಕ್ಕರೆ ಮಿಠಾಯಿ ತುರುಕಿದರು.

ಅಲ್ಲಿಂದ ಖುದಾಯ್ಬೆರ್ಗನ್ ದೇವಾನೋವ್ ತೆಗೆದ ಫೋಟೋಗಳು. ಉಜ್ಬೇಕರ ಮೊದಲ ಫೋಟೋಗ್ರಾಫರ್ ಖೀವಾದವನು. ಹತ್ತಿರದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಮೆನೊನೈಟ್ ಕ್ರೈಸ್ತರ ಪೈಕಿ ಒಬ್ಬನಿಂದ ಕ್ಯಾಮೆರಾ ಕಲಿತ. ಸ್ತಾಲಿನ್ ಕಾಲದಲ್ಲಿ ಅವನನ್ನು ಕೊಂದರು. ಚಿತ್ರಗಳಲ್ಲಿ ಕುರಿ ಉಣ್ಣೆಯ ದೊಡ್ಡ ಟೋಪಿಯ ಗಂಡಸರು, ಗೋಡೆ ಬಿರುಕು ಬಿಟ್ಟ ಬೀದಿಗಳು. ಈಗಿನ ನುಣುಪಾದ ಊರಿಗಿಂತ ಆ ಬಿರುಕುಗಳೇ ನನಗೆ ಹೆಚ್ಚು ನಿಜ ಅನ್ನಿಸಿದವು. ರಿಪೇರಿ ಸ್ವಲ್ಪ ಜಾಸ್ತಿಯೇ ಆಗಿದೆ ಅಂತ ನನ್ನ ಅಭಿಪ್ರಾಯ. ಮುಖ್ಯ ಬೀದಿ ಬಿಟ್ಟು ಉತ್ತರದ ಗೋಡೆಯ ಕಡೆ ತಿರುಗಿದರೆ ಕೋಳಿ, ಸೈಕಲ್, ತಂದೂರು ಒಲೆ, ಜಗಳ ಎಲ್ಲ ಇರುವ ಖೀವಾ ಸಿಗುತ್ತದೆ.

ಸಂಜೆಯ ರೈಲಿಗೆ ಮುಂಚೆ ಬಜಾರಿಗೆ ಹೋದೆವು. ಖೊರೆಜ್ಮ್ ಕರಬೂಜ ಅಂದರೆ ಆ ದೇಶದಲ್ಲೆಲ್ಲ ಹೆಸರು. ಉದ್ದಕ್ಕೆ, ಹಳದಿ, ಮಗುವಿನಷ್ಟು ಭಾರ. ಭಾಮೈದ ಒಂದನ್ನು ಹೊತ್ತುಕೊಂಡು ಬಂದ, ನಮ್ಮ ಹತ್ತಿರ ಚಾಕು ಇರಲಿಲ್ಲ. ರೈಲಿನ ಡಬ್ಬಿಯಲ್ಲಿ ಎದುರಿಗಿದ್ದ ರೈತ ತನ್ನ ಜೇಬಿನ ಚಾಕು ತೆಗೆದು ಕೊಯ್ದ. ಒಂದು ಹೋಳು ಬಾಯಿಗೆ ಹಾಕಿ ಮುಖ ಸಿಂಡರಿಸಿದ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: ಇದು ಜಾಸ್ತಿ ನೀರು ಕುಡಿದ ಹೊಲದ್ದು, ಅದಕ್ಕೆ ಸಪ್ಪೆ, ನೀರು ಕಡಿಮೆ ಸಿಕ್ಕ ಹೊಲದ್ದು ಸಿಹಿ. ಹಾಗಂದು ಸೀಟಿನ ಕೆಳಗಿನಿಂದ ತನ್ನದೊಂದು ಹಣ್ಣು ಎಳೆದು ಅದನ್ನೂ ಕೊಯ್ದ. ಅವನು ಹೇಳಿದ್ದು ಸರಿ ಇತ್ತು. ತಾಷ್ಕೆಂಟ್ ತಲುಪುವ ಹೊತ್ತಿಗೆ ಎರಡೂ ಖಾಲಿ, ನಮ್ಮದರಲ್ಲಿ ಹೆಚ್ಚಿನ ಪಾಲನ್ನು ಭಾಮೈದನೇ ಮುಗಿಸಿದ್ದ.